ಬಾಡಿಗೆಯ ಹಣ ಪೂರ್ತಿ ಚಾಲಕರಿಗೆ: ‘ನಮ್ಮ ಯಾತ್ರಿ’ಯ ಲೆಕ್ಕಾಚಾರ

ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು ನಾನು. ಕೊಟ್ಟ ಹಣ ಯಾರ ಖಾತೆ ಸೇರಿತೆಂದು ತಿಳಿಯದೆ ನನಗೆ ಸಮಾಧಾನವಿಲ್ಲ. ಫೋನಿನಲ್ಲೇ ಆಟೋ ಕರೆಸುವ ‘ನಮ್ಮ ಯಾತ್ರಿ’ ಆ್ಯಪ್ ನನಗೆ ಹಿಡಿಸಿದ್ದು ಈ ಕಾರಣಕ್ಕೆ.

ಬೆಂಗಳೂರಿನದೇ ಆದ ಜಸ್‌ಪೇ ಕಂಪನಿ ಆಟೋ ಚಾಲಕರ ಸಂಘದ ಜೊತೆಗೂಡಿ 2022ರ ಕೊನೆಯಲ್ಲಿ ಇದನ್ನು ಹೊರತಂದಿತು. ಆಗ ದೊಡ್ಡ ಆ್ಯಪ್‌ಗಳು ಪ್ರತಿ ಬಾಡಿಗೆಯಲ್ಲೂ ಕಮಿಷನ್ ಮುರಿದುಕೊಳ್ಳುತ್ತಿದ್ದವು. ಇಲ್ಲಿ ಆ ಮುರಿತವೇ ಇಲ್ಲ. ಮರುವರ್ಷ ಚಾಲಕರಿಗೆ ದಿನಕ್ಕೆ 25 ರೂಪಾಯಿ ಶುಲ್ಕ ಗೊತ್ತುಮಾಡಿದರು. ಎಷ್ಟು ಬಾಡಿಗೆ ಹೊಡೆದರೂ ಅಷ್ಟೇ. 2025ರ ಆಗಸ್ಟ್‌ನಿಂದ ನಗರದಲ್ಲಿ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಆರು ಕಿ.ಮೀ. ಹೋದರೆ 108 ರೂಪಾಯಿ, ಅಷ್ಟೂ ಯುಪಿಐ ಮೂಲಕವೋ ನಗದಾಗಿಯೋ ನೇರ ಚಾಲಕರ ಕೈಗೆ. ಗಾಂಧಿ ಬಜಾರಿನಿಂದ ನನ್ನನ್ನು ಕರೆದೊಯ್ದ ಒಬ್ಬರು, “ಇನ್ನೊಬ್ಬರು ದುಡ್ಡು ಹಾಕಲಿ ಎಂದು ಕಾಯುವುದಿಲ್ಲ ಅಮ್ಮಾ, ನೀವು ಇಳಿದ ಕೂಡಲೇ ಗ್ಯಾಸ್ ತುಂಬಿಸಬಹುದು” ಎಂದರು. ದಿನದ ದುಡಿಮೆಯಲ್ಲೇ ಮನೆ ನಡೆಸುವವರಿಗೆ ಇದು ಸಣ್ಣ ಮಾತಲ್ಲ.

ಆ್ಯಪ್‌ನ ಕೋಡ್, ಅಂದರೆ ಅದನ್ನು ನಡೆಸುವ ಕಂಪ್ಯೂಟರ್ ಬರಹ, ಯಾರು ಬೇಕಾದರೂ ತೆರೆದು ನೋಡುವಂತಿದೆ. ಎಷ್ಟು ಸವಾರಿ ನಡೆದವು, ಚಾಲಕರು ಎಷ್ಟು ದುಡಿದರು ಎಂಬ ಅಂಕಿಅಂಶಗಳನ್ನೂ ಬಹಿರಂಗವಾಗಿ ಹಾಕಿದ್ದಾರೆ. ಲೆಕ್ಕದ ಪುಸ್ತಕವನ್ನು ಹೀಗೆ ಊರ ಮುಂದೆ ತೆರೆದಿಡುವ ವ್ಯಾಪಾರವನ್ನು ನಾನು ಕಂಡದ್ದು ಕಡಿಮೆ. ಉಬರ್ ಕೂಡ 2025ರ ಫೆಬ್ರವರಿಯಲ್ಲಿ ಆಟೋ ಕಮಿಷನ್ ಕೈಬಿಟ್ಟು ಚಾಲಕರಿಂದ ಶುಲ್ಕ ಪಡೆಯುವ ಪದ್ಧತಿಗೆ ಬಂತು. ನಮ್ಮ ಊರಿನ ಚಾಲಕರ ಹಟ ಇಷ್ಟು ದೂರ ಮುಟ್ಟಿತಲ್ಲ ಎಂದು ನನಗೆ ನಿಜವಾಗಿಯೂ ಹೆಮ್ಮೆ.

ಒಪ್ಪಲಾಗದ್ದು ಒಂದಿದೆ: ಆಟೋ ಸಿಗುವ ಮೊದಲೇ ಟಿಪ್ಸ್ ಸೇರಿಸಿ ಎನ್ನುವ ಪದ್ಧತಿ. ಇದು ಹಲವು ಆ್ಯಪ್‌ಗಳಲ್ಲಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಇಂಥ ಮುಂಗಡ ಟಿಪ್ಸ್ ಸರಿಯಲ್ಲ ಎಂದಾಗ ನನಗೂ ಹಾಗೇ ಅನಿಸಿತು. ಮೆಚ್ಚುಗೆಯ ಹಣ ಇಳಿದ ಮೇಲೆ ಕೊಡುವಂಥದ್ದು. ಮೊದಲೇ ಕೇಳಿದರೆ ಅದು ಹರಾಜು. ಪಿಂಚಣಿಯವರು, ವಿದ್ಯಾರ್ಥಿಗಳು ಅದರಲ್ಲಿ ಸೋಲುತ್ತಾರೆ. ಕಮಿಷನ್ ತೆಗೆಯುವುದರಲ್ಲಿ ದಾರಿ ತೋರಿಸಿದವರು ಇದನ್ನೂ ಮೊದಲು ತೆಗೆಯಲಿ.

ಹೊಸದಾಗಿ ಬಳಸುವ ಹಿರಿಯರು ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಿ. ಹತ್ತಿದಾಗ ಓಟಿಪಿ ಹೇಳಬೇಕು. ಇಳಿಯುವಾಗ ಚಾಲಕರದೇ ಕ್ಯೂಆರ್ ಕೋಡ್ ಕೇಳಿ ಹಣ ಕೊಡಿ.