ಅಮೆರಿಕದ ಮಿನ್ನೆಸೋಟ ರಾಜ್ಯದ ಕೌಂಟಿ (ಜಿಲ್ಲಾ) ಮೇಳ: ಬಹುಮಾನ ಅನುದಾನವೋ, ಲೆಗಸಿ ಹಣವೋ?

ದನಕರು, ಜೋಳ, ಹೊಲಿಗೆ ಸ್ಪರ್ಧೆಗಳೇ ನಿಮ್ಮ ಮೇಳದ ಜೀವಾಳವಾಗಿದ್ದರೆ ರಾಜ್ಯದ ಬಹುಮಾನ ಅನುದಾನವನ್ನೇ (ಸ್ಪರ್ಧಿಗಳಿಗೆ ಕೊಟ್ಟ ಬಹುಮಾನದ ಲೆಕ್ಕದ ಮೇಲೆ ಸಿಗುವ ನೆರವು) ನೆಚ್ಚಿಕೊಳ್ಳಿ. ಮೇಳದ ಹೊಣೆ ಹೊತ್ತ ಕೃಷಿ ಸಂಘ ಕಳೆದ ಮೂರು ವರ್ಷ ಮೇಳ ನಡೆಸಿರಬೇಕು, ಕನಿಷ್ಠ 25 ಸದಸ್ಯರಿರಬೇಕು. ಮೊದಲು ಬಹುಮಾನ ಕೊಟ್ಟು ಆಮೇಲೆ ಲೆಕ್ಕ ಸಲ್ಲಿಸುವ ಪದ್ಧತಿ. ಹಾಗಾಗಿ ಕೈಯಲ್ಲಿ ದುಡ್ಡಿರಲಿ. ಹಲವರು ಎಡವುವುದು ಲೆಕ್ಕಕ್ಕೆ ಸೇರಿಸುವ ಬಹುಮಾನಗಳ ಪಟ್ಟಿಯಲ್ಲಿ: ಕುದುರೆ ಓಟ, ಮೆರವಣಿಗೆ, ಟಿಕೆಟ್ ಇಟ್ಟ ಮನರಂಜನೆಯ ಬಹುಮಾನಗಳು ಲೆಕ್ಕಕ್ಕಿಲ್ಲ. ಟಿಕೆಟ್ ಮಾರುವ ರೋಡಿಯೊ (ಕುದುರೆ, ಗೂಳಿ ಪಳಗಿಸುವ ಸಾಹಸ ಸ್ಪರ್ಧೆ) ಕೂಡ ಈ ಸಾಲಿನದೇ.

ಲೆಗಸಿ ಹಣ, ಅಂದರೆ ಮೇಳಗಳಲ್ಲಿ ಕಲೆ, ಸಂಸ್ಕೃತಿಗೆಂದು ಸಿಗುವ ಹಣ, ಬರುವುದು 2008ರ ರಾಜ್ಯ ಸಂವಿಧಾನ ತಿದ್ದುಪಡಿಯ ಮಾರಾಟ ತೆರಿಗೆಯಿಂದ. ಅದರ ಅವಧಿ 2034ರವರೆಗೆ. ಜಾನಪದ ಸಂಗೀತ, ಕಮ್ಮಾರಿಕೆಯ ಪ್ರಾತ್ಯಕ್ಷಿಕೆ, ಊರಿನ ಇತಿಹಾಸದ ಪ್ರದರ್ಶನಕ್ಕೆ ಇದೇ ಸರಿ. ಆದರೆ ಹಳೇ ಬಜೆಟ್ಟಿನ ಖರ್ಚನ್ನೇ ಇದಕ್ಕೆ ದಾಟಿಸುವಂತಿಲ್ಲ. ಇದು ಹೆಚ್ಚುವರಿ ಹಣ, ಬದಲಿ ಹಣವಲ್ಲ. ರೋಡಿಯೊ ಕಣದ ಬೇಲಿ ರಿಪೇರಿಗೆ ಇಲ್ಲಿ ಅರ್ಜಿ ಹಾಕಬೇಡಿ.