ಪವನಾ ಹಿನ್ನೀರಿನ ದಡದಲ್ಲಿ ಗಾಳ ಹಾಕುವವರಿಗೊಂದು ಬಾಡಿಗೆ ಮನೆ

ಪುಣೆಯಲ್ಲಿದ್ದು ಗಾಳ ಹಾಕುವ ಆಸೆ ಇರುವವರಿಗೆ ಊರಿಗೆ ಹತ್ತಿರದ ಪವನಾ ಅಣೆಕಟ್ಟಿನ ಹೆಸರು ಗೊತ್ತೇ ಇರುತ್ತದೆ. ಆದರೆ ಅಲ್ಲಿ ಹುಡುಕಿದರೆ ಸಿಗುವುದೆಲ್ಲ ಟೆಂಟು, ಬಾರ್ಬೆಕ್ಯೂ, ತಡರಾತ್ರಿವರೆಗೂ ಸ್ಪೀಕರು. ಬೆಳಗ್ಗೆ ಐದಕ್ಕೆ ಎದ್ದು ನೀರಿನ ಪಕ್ಕ ಸುಮ್ನೆ ಕೂರಬೇಕು ಅನ್ನುವವರಿಗೆ ಜಾಗ ಕಡಿಮೆ. ತಿಕೋನಾ ಕೋಟೆ ಕಡೆಯ ದಡದಲ್ಲಿ ಅಂಥವರಿಗೆ ಹೊಂದುವ ಒಂದು ಬಾಡಿಗೆ ಮನೆ ಇದೆ. ಎರಡು ಮಲಗುವ ಕೋಣೆ, ಒಂದು ಅಡುಗೆಮನೆ, ಮುಂದೆ ಉದ್ದ ಜಗಲಿ, ಜಗಲಿ ಇಳಿದರೆ ಇಳಿಜಾರು, ಅದರಾಚೆ ನೀರು. ಊಟ ಕೊಡುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ಕುಂದುಗಳನ್ನೂ ಬರೆಯುತ್ತಿರುವುದರಿಂದ ಮನೆಯ ಹೆಸರು ಹಾಕುತ್ತಿಲ್ಲ.

ಮನೆ ಸಾಧಾರಣ. ದಡ ಮಾತ್ರ ಬಹಳ ಚೆನ್ನಾಗಿದೆ. ಗಾಳದ ರಜೆಗೆ ಹೋಗುವವರಿಗೆ ದಡವೇ ಮುಖ್ಯ ಅಲ್ವಾ?

ಮನೆ ಮುಂದಿನ ನೆಲ ನಿಧಾನವಾಗಿ ಇಳಿಯುತ್ತಾ ಹೋಗಿ, ಸ್ವಲ್ಪ ದೂರದಲ್ಲಿ ಒಂದು ಹಳೆಯ ಹಳ್ಳದ ಪಾತ್ರ ನೀರಿನೊಳಗೆ ಮುಳುಗಿದೆ. ಅಲ್ಲಿ ಆಳ ಒಮ್ಮೆಗೇ ಜಾಸ್ತಿಯಾಗುತ್ತದೆ. ಮೀನು ಓಡಾಡುವುದು ಆ ಅಂಚಿನಲ್ಲೇ. ಕಟ್ಲಾ ಬಾಯಿ ಮೇಲಕ್ಕೆ ತಿರುಗಿರುವ ಮೀನು, ಮೇಲಿನ ನೀರಿನಲ್ಲಿ ತಿನ್ನುತ್ತದೆ. ರೋಹು ನಡುವೆ ಇರುತ್ತದೆ. ಮೃಗಾಲ್ ಮತ್ತು ಗೆಂಡೆ ತಳದ ಕೆಸರು ಕೆದಕುತ್ತವೆ. ಹಾಗಾಗಿ ಒಂದೇ ಕಡೆ ಕೂತು, ದಾರಕ್ಕೆ ಕಟ್ಟಿದ ತೇಲುವ ಬೆಂಡನ್ನು ಮೇಲೆ ಕೆಳಗೆ ಸರಿಸಿ ಬೇರೆ ಬೇರೆ ಮೀನಿಗೆ ಪ್ರಯತ್ನಿಸಬಹುದು, ಬೇಡ ಅಂದರೆ ಸೀಸದ ಗುಂಡು ಕಟ್ಟಿ ತಳಕ್ಕೇ ಬಿಡಬಹುದು. ಹಿಂದೆ ಮರ ಇಲ್ಲ, ಕೋಲು ಬೀಸುವಾಗ ದಾರ ಸಿಕ್ಕಿಕೊಳ್ಳುವುದಿಲ್ಲ. ಪಕ್ಕದಲ್ಲೊಂದು ಮಾವಿನ ಮರ ಇದೆ, ಮಧ್ಯಾಹ್ನದ ಮೇಲೆ ಅದರ ನೆರಳು ಕೂರುವ ಜಾಗಕ್ಕೇ ಬೀಳುತ್ತದೆ.

ಮನೆಯವರು ಬಾಡಿಗೆಗೆ ಕೊಡುವ ಕೋಲುಗಳನ್ನು ನಂಬಬೇಡಿ. ರೀಲು ಸಡಿಲ, ನೈಲಾನ್ ದಾರ ಹಳತಾಗಿ ಸುರುಳಿ ಬಿದ್ದಿದೆ. ನಿಮ್ಮದನ್ನೇ ಒಯ್ಯಿರಿ, ಮೀನು ಎತ್ತುವ ಕೈಬಲೆಯನ್ನೂ ಮರೆಯಬೇಡಿ. ಎರೆಗೆ ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಕಲಸಿ ಮೊದಲು ನೀರಿಗೆ ಎಸೆದರೆ ಮೀನು ಸೇರುತ್ತದೆ. ಕೊಕ್ಕೆಗೆ ನಾನು ಹಾಕುವುದು ಕಾವೇರಿ ಕಡೆಯ ರಾಗಿ ಉಂಡೆ. ಹಿಟ್ಟು ಬೇಯಿಸಿ, ಚೆನ್ನಾಗಿ ನಾದಿ, ಗಟ್ಟಿಯಾಗಿ ಕಟ್ಟಬೇಕು, ಇಲ್ಲದಿದ್ದರೆ ಸಣ್ಣ ಮೀನುಗಳೇ ಕಚ್ಚಿ ಮುಗಿಸುತ್ತವೆ. ರಾಗಿ ಮನೆಯಿಂದ ಒಯ್ಯಲು ಆಗದಿದ್ದರೆ ಹೆದ್ದಾರಿ ಮೇಲಿನ ಕಾಮಶೇತ್ ಊರಿನ ಅಂಗಡಿಯಲ್ಲಿ ನಾಚಣಿ ಹಿಟ್ಟು ಕೇಳಿ, ಮರಾಠಿಯಲ್ಲಿ ರಾಗಿಗೆ ಅದೇ ಹೆಸರು.

ಈ ಮನೆಯನ್ನು ನಾನು ಧೈರ್ಯವಾಗಿ ಹೇಳುವುದಕ್ಕೆ ಇನ್ನೊಂದು ಕಾರಣ ಅನುಮತಿ. ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಡುತ್ತಾರೆ. ಕಟ್ಲಾ, ರೋಹು, ಮೃಗಾಲ್ ಮಳೆಗಾಲದಲ್ಲಿ ಹರಿಯುವ ನೀರಿನಲ್ಲಿ ಮೊಟ್ಟೆ ಇಡುವ ಮೀನುಗಳು, ನಿಂತ ನೀರಿನಲ್ಲಿ ಅವುಗಳ ಸಂತಾನ ಸರಿಯಾಗಿ ಬೆಳೆಯುವುದಿಲ್ಲ. ಅದಕ್ಕೇ ಮರಿ ತಂದು ಬಿಡುತ್ತಾರೆ. ಅಂದರೆ ನಮ್ಮ ಗಾಳಕ್ಕೆ ಬೀಳುವ ಕಟ್ಲಾದ ಹಿಂದೆ ಯಾರದೋ ದುಡ್ಡು, ಯಾರದೋ ದುಡಿಮೆ ಇರುತ್ತದೆ. ಸುತ್ತಮುತ್ತ ಎಷ್ಟೋ ಕ್ಯಾಂಪಿನವರು ಇದನ್ನು ಕೇಳುವುದೇ ಇಲ್ಲ, ಗಿರಾಕಿ ಕೈಗೆ ಕೋಲು ಕೊಟ್ಟು ಕಳಿಸುತ್ತಾರೆ. ಈ ಮನೆ ನೋಡಿಕೊಳ್ಳುವ ಕಾಕಾ ಮೊದಲೇ ಸಂಘದವರ ಹತ್ತಿರ ಮಾತಾಡಿ, ನಮ್ಮಿಂದ ಹಣ ತೆಗೆದುಕೊಂಡು ಚೀಟಿ ತಂದು ಕೊಡುತ್ತಾರೆ. ಅವರ ಬಲೆ ಎಲ್ಲಿ ಹಾಕಿದ್ದಾರೆ ಅಂತಲೂ ತೋರಿಸುತ್ತಾರೆ, ಆ ಕಡೆ ಗಾಳ ಹಾಕಬಾರದು.

ಮನೆಗೆ ಅದರದೇ ನಿಯಮಗಳೂ ಇವೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಮೀನನ್ನು ಒದ್ದೆ ಕೈಯಲ್ಲಿ ಮುಟ್ಟಬೇಕು, ಒಣ ಮಣ್ಣಿನ ಮೇಲೆ ಹೊರಳಾಡಲು ಬಿಡಬಾರದು. ಅಡುಗೆಗೆ ಜಿಲೇಬಿ ಮೀನು (ತಿಲಾಪಿಯಾ) ಇಟ್ಟುಕೊಳ್ಳಬಹುದು. ದೊಡ್ಡದು ಬಂದರೆ ತೂಕ ನೋಡಿ, ಫೋಟೋ ತೆಗೆದು ಬಿಡಬೇಕು. ನದಿಗಳ ದೊಡ್ಡ ಮೀನಾದ ಮಹಶೀರ್ ಬಂದರಂತೂ ಎಷ್ಟೇ ಚಿಕ್ಕದಿದ್ದರೂ ಬಿಡಲೇಬೇಕು.

ಈ ಕೊನೆಯ ನಿಯಮ ನನಗೆ ತುಂಬಾ ಹಿಡಿಸಿತು. ದಖನ್ನಿನ ಮಹಶೀರನ್ನು 1839ರಲ್ಲಿ ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಮೊದಲು ವಿವರಿಸಿದ್ದು ಪುಣೆಯ ಮುಳಾ ಮುಠಾ ನದಿಯ ಮೀನು ನೋಡಿ. ಇವತ್ತು ಆ ನದಿಯ ಸ್ಥಿತಿ ನೋಡಿದವರಿಗೆ ಅದನ್ನು ನಂಬುವುದೇ ಕಷ್ಟ. ಆ ಮೀನಿನ ಮರಿಗಳನ್ನು ದಶಕಗಳಿಂದ ಬೆಳೆಸುತ್ತಿರುವುದು ಪವನಾಕ್ಕೆ ಹತ್ತಿರವೇ ಇರುವ ಲೋಣಾವಳದಲ್ಲಿ, ಟಾಟಾ ಪವರ್‌ನವರು. ಅಲ್ಲಿಂದ ಮರಿಗಳು ನಮ್ಮ ಕಾವೇರಿಗೂ ಹೋದವು. ಒಳ್ಳೆಯದಕ್ಕೆಂದೇ ಬಿಟ್ಟರು, ಆದರೆ ಕಾವೇರಿಗೆ ಅದರದೇ ಆದ ಗೂನುಬೆನ್ನಿನ ಮಹಶೀರ್ ಇತ್ತು. ಹೊರಗಿನದು ಹೆಚ್ಚಿತು, ಅಲ್ಲಿಯದು ಕುಗ್ಗಿತು. ಅಲ್ಲಿಯದು ಎಷ್ಟು ದೊಡ್ಡದಾಗುತ್ತಿತ್ತು ಅಂದರೆ, 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದ ದಾಖಲೆ ಇದೆ. 2018ರಲ್ಲಿ ಗೂನುಬೆನ್ನಿನ ಆ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದರು, ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಮೈಸೂರು ಕಡೆಯ ನನಗೆ ಇದು ಬಹಳ ನೋವಿನ ವಿಷಯ. ಯಾವ ನೀರಿನ ಮೀನು ಆ ನೀರಿನಲ್ಲೇ ಇರಲಿ, ಗಾಳಕ್ಕೆ ಬಂದರೂ ವಾಪಸ್ಸು ಹೋಗಲಿ ಅನ್ನುವ ಮನೆ ಸಿಕ್ಕಿದರೆ ನಾನು ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದರೂ ಅಲ್ಲಿಗೇ ಹೋಗುತ್ತೇನೆ.

ಈಗ ಕುಂದುಗಳು. ಅಡುಗೆಮನೆಯಲ್ಲಿ ಎರಡು ಒಲೆಯ ಗ್ಯಾಸ್ ಇದೆ, ಕುಕ್ಕರ್ ಇದೆ, ಪಾತ್ರೆ ಸಾಕಷ್ಟಿವೆ. ಆದರೆ ಚಾಕು ಮೊಂಡು, ಮಿಕ್ಸಿ ಇಲ್ಲ. ರಾತ್ರಿ ಸಾರು ಕುದಿಯುತ್ತಿರುವಾಗ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರ್ ಬೀಗ ಹಾಕಿದ ಕೋಣೆಯಲ್ಲಿತ್ತು, ಕಾಕಾ ಊರೊಳಗಿಂದ ಬರುವಷ್ಟರಲ್ಲಿ ಮಕ್ಕಳು ಬಿಸ್ಕತ್ತು ತಿಂದು ಮಲಗಿದ್ದರು. ಅಡುಗೆ ನಾವೇ ಮಾಡಿಕೊಳ್ಳಬೇಕು ಎಂದು ಬಾಡಿಗೆ ತೆಗೆದುಕೊಳ್ಳುವವರು ಇಷ್ಟನ್ನು ನೋಡಿಕೊಳ್ಳಲೇಬೇಕು. ಕರೆಂಟು ಹೋದರೆ ಇನ್ವರ್ಟರ್ ಬರೀ ದೀಪ, ಫ್ಯಾನಿಗೆ, ಗೀಸರ್ ನಡೆಯುವುದಿಲ್ಲ. ಮೊಬೈಲ್ ಸಿಗ್ನಲ್ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಹಾಸಿಗೆ, ಬಚ್ಚಲು ಶುಚಿಯಾಗಿದ್ದವು. ಹೊರಗೆ ಮೀನು ಹೆಚ್ಚಲು ಕಲ್ಲಿನ ಕಟ್ಟೆ, ಪಕ್ಕದಲ್ಲೇ ನಲ್ಲಿ, ಎರೆ ಇಡಲು ಬೇರೆ ಐಸ್ ಪೆಟ್ಟಿಗೆ. ಇವನ್ನು ಮಾಡಿಸಿದವರಿಗೆ ಗಾಳದವರ ಕಷ್ಟ ಗೊತ್ತಿದೆ.

ಜಿಲೇಬಿ ಮೀನಿಗೆ ಕೆಸರಿನ ವಾಸನೆ ಇರುತ್ತದೆ. ಅರಿಸಿನ, ಉಪ್ಪು, ಹುಣಸೆ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಮಸಾಲೆ ಮನೆಯಲ್ಲೇ ರುಬ್ಬಿ ಒಯ್ಯಿರಿ. ಅಕ್ಕಿ ಒಯ್ಯುವುದು ಬೇಡ, ಮಾವಳ ಅನ್ನುವ ಆ ಸೀಮೆಯ ಇಂದ್ರಾಯಣಿ ಅಕ್ಕಿ ಅಲ್ಲೇ ಸಿಗುತ್ತದೆ. ಸ್ವಲ್ಪ ಅಂಟು, ಒಳ್ಳೆ ಪರಿಮಳ, ಹುಳಿ ಮುಂದಾದ ಮೀನು ಸಾರಿಗೆ ಅದರಷ್ಟು ಹೊಂದುವ ಅನ್ನ ನಾನು ಪುಣೆಯಲ್ಲಿ ಬೇರೆ ಉಂಡಿಲ್ಲ.

ಯಾವಾಗ ಹೋಗಬೇಕು ಅನ್ನುವುದು ಮುಖ್ಯ. ಮಳೆ ಮುಗಿದು ಅಣೆಕಟ್ಟು ತುಂಬಿರುವ ಅಕ್ಟೋಬರ್‌ನಲ್ಲಿ ನೀರು ಮನೆಗೆ ತೀರಾ ಹತ್ತಿರ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮೀನು ತಿನ್ನುವುದು ಕಡಿಮೆ, ಬಿಸಿಲು ಏರಿದ ಮೇಲೆ ಕೂತರೆ ಸಾಕು. ಮಾರ್ಚ್ ನಂತರ ಚೆನ್ನಾಗಿ ಕಚ್ಚುತ್ತದೆ, ಆದರೆ ನೀರು ಹಿಂದೆ ಸರಿದು ಬಿರುಕು ಬಿಟ್ಟ ನೆಲದ ಮೇಲೆ ಸಾಮಾನು ಹೊತ್ತು ನಡೆಯಬೇಕು. ವಯಸ್ಸಾದ ಅಪ್ಪನನ್ನೋ ಮಾವನನ್ನೋ ಕರೆದುಕೊಂಡು ಹೋಗುವವರು ಮೇ ತಿಂಗಳು ಬಿಡಿ. ನೀರಿಗೆ ಯಾರೂ ಇಳಿಯಬೇಡಿ. ಪಾಚಿ, ಕೆಸರು, ಥಟ್ಟನೆ ಆಳ. ಈ ಹಿನ್ನೀರಿನಲ್ಲಿ ಈಜಲು ಹೋಗಿ ಮುಳುಗಿದ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಪಿಂಪರಿ ಚಿಂಚವಾಡದ ಮನೆಗಳಿಗೆ ಕುಡಿಯಲು ಬರುವುದೂ ಇದೇ ನೀರು, ಸೋಪು, ಪ್ಲಾಸ್ಟಿಕ್ಕು ಅದಕ್ಕೆ ಸೇರಬಾರದು.

ಶನಿವಾರ ಬುಕ್ ಮಾಡಬೇಡಿ. ಆಚೆ ದಡದ ಕ್ಯಾಂಪಿನ ಹಾಡು ನೀರಿನ ಮೇಲೆ ತೇಲಿ ಬಂದು ಮನೆಯೊಳಗೇ ಕೇಳುತ್ತದೆ. ವಾರದ ಮಧ್ಯೆ ರಜೆ ಹಾಕಿ ಹೋಗಿ, ಬಾಡಿಗೆಯೂ ಕಡಿಮೆ. ಕೋಥ್ರೂಡ್ ಕಡೆಯವರಿಗೆ ಪೌಡ್, ಕೋಳವಣ ಮೇಲೆ ಹೋಗುವುದು ಸುಲಭ. ಪಿಂಪರಿಯವರು ಕಾಮಶೇತ್‌ನಲ್ಲಿ ಹೆದ್ದಾರಿ ಬಿಟ್ಟು ಪವನಾನಗರಕ್ಕೆ ಬನ್ನಿ, ತರಕಾರಿ, ಹಾಲು ಅಲ್ಲೇ ಕೊಳ್ಳಿ, ಮುಂದೆ ಅಂಗಡಿ ಕಡಿಮೆ. ಹೊರಡುವ ಹಿಂದಿನ ದಿನ ಕಾಕಾಗೆ ಫೋನ್ ಮಾಡಿ ಎರಡು ಮಾತು ಕೇಳಿ: ಸಂಘದ ಚೀಟಿ ಸಿಕ್ಕಿದೆಯೇ, ತುಂಬಿದ ಸಿಲಿಂಡರ್ ಅಡುಗೆಮನೆಯಲ್ಲೇ ಇದೆಯೇ.