ಕಡಿಮೆ ಓಡಿದ ಬ್ಯಾಟರಿಯೇ ಮೊದಲು ಸೊರಗಿತು

ನಾಲ್ಕು ಹಳೇ ಹೆಡ್‌ಲೈಟ್ ಬಲ್ಬ್, ಒಂದು ವಾಟ್ ಮೀಟರ್, ಒಂದು ನೋಟ್‌ಬುಕ್. ನನ್ನ ಬ್ಯಾಟರಿ ಲ್ಯಾಬ್ ಅಂದರೆ ಇಷ್ಟೇ. 12 ವೋಲ್ಟಿನ ನಾಲ್ಕು ಬಲ್ಬ್‌ಗಳನ್ನು ಸೀರೀಸ್‌ನಲ್ಲಿ ಜೋಡಿಸಿದರೆ 48 ವೋಲ್ಟಿನ ಬ್ಯಾಟರಿಗೆ ಹದವಾದ ಲೋಡ್ ಆಗುತ್ತದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಬಲ್ಬ್ ಹಚ್ಚುವುದು, ತಾನಾಗಿ ಆರುವವರೆಗೆ ಕಾಯುವುದು. ಮೂರು ಗಂಟೆ ಹಿಡಿಯುತ್ತದೆ. ಬಲ್ಬ್‌ಗಳು ಕೆಂಡದ ಹಾಗೆ ಕಾಯುತ್ತವೆ, ಪಕ್ಕದಲ್ಲೇ ಕೂತಿರಬೇಕು. ಆರಿದಾಗ ಮೀಟರ್ ಎಷ್ಟು ವಾಟ್-ಅವರ್ ತೋರಿಸುತ್ತದೋ ಅಷ್ಟೇ ಆ ಬ್ಯಾಟರಿಯ ಕಸುವು. ಎಲೆಕ್ಟ್ರಿಕ್ ಸೈಕಲ್ ಹ್ಯಾಂಡಲ್ ಮೇಲಿನ ಡಿಸ್‌ಪ್ಲೇಯಲ್ಲಿ ಕಾಣುವ ಐದು ಕಡ್ಡಿಗಳು ಬರೀ ಅಂದಾಜು.

ವರ್ಷಕ್ಕೆ ಎರಡು ಸಲ, ಅದೇ ಕೋಣೆಯಲ್ಲಿ, ಹೆಚ್ಚುಕಡಿಮೆ ಅದೇ ಹವೆಯಲ್ಲಿ ಈ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ. ಮೂರು ಬ್ಯಾಟರಿಗಳ ಲೆಕ್ಕ ಈಗ ಕೈಯಲ್ಲಿದೆ.

ಮೊದಲ ಎರಡು ಅವಳಿಗಳು. ನಾನೂ ನನ್ನ ತಮ್ಮನೂ ನಾಲ್ಕು ವರ್ಷದ ಹಿಂದೆ ಒಂದೇ ದಿನ ಒಂದೇ ಮಾದರಿಯ ಎಲೆಕ್ಟ್ರಿಕ್ ಸೈಕಲ್ ತಗೊಂಡೆವು. ಎರಡರಲ್ಲೂ ಎನ್‌ಎಂಸಿ ಬ್ಯಾಟರಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಲಿಥಿಯಂ. 18650 ಸೆಲ್‌ಗಳು, ಒಂದೊಂದೂ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ನಾಲ್ಕು ನಾಲ್ಕರ ಹದಿಮೂರು ಗುಂಪು, ಒಟ್ಟು 52 ಸೆಲ್. ಬರೆದಿರುವ ಲೆಕ್ಕ 14 ಆಂಪಿಯರ್-ಅವರ್, ಸುಮಾರು 655 ವಾಟ್-ಅವರ್.

ಮೂರನೆಯದು ಒಂದು ವರ್ಷ ಬಿಟ್ಟು ಬಂದದ್ದು. ಸಾಮಾನು ಹೊರೋಕೆ ಅಂತ ತಗೊಂಡ ನನ್ನ ಎರಡನೇ ಸೈಕಲ್ಲಿನದು. ಅದು ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್. ಇದರಲ್ಲಿ ಹದಿನಾರು ಗುಂಪು, 12 ಆಂಪಿಯರ್-ಅವರ್, 614 ವಾಟ್-ಅವರ್.

ಈಗಿನ ಅಂಕಿ ಮೊದಲೇ ಹೇಳಿಬಿಡ್ತೀನಿ. ನನ್ನ ಎನ್‌ಎಂಸಿ ಹೊಸದರಲ್ಲಿ ಬಲ್ಬ್ ಪರೀಕ್ಷೆಯಲ್ಲಿ 642 ಕೊಟ್ಟಿತ್ತು, ಈಗ 560 ಕೊಡುತ್ತಿದೆ. ಓಡಿದ್ದು ಸುಮಾರು 18,000 ಕಿಲೋಮೀಟರ್. ತಮ್ಮನದು 640ರಿಂದ 455ಕ್ಕೆ ಇಳಿದಿದೆ. ಅದು ಓಡಿದ್ದು 8,000 ಕಿಲೋಮೀಟರ್ ಅಷ್ಟೇ. ಎಲ್‌ಎಫ್‌ಪಿ ಮೂರು ವರ್ಷ, 9,000 ಕಿಲೋಮೀಟರ್ ಹೊರೆ ಹೊತ್ತೂ 605ರಿಂದ 580ಕ್ಕೆ ಬಂದಿದೆ.

ಎಲ್‌ಎಫ್‌ಪಿ ಜಾಸ್ತಿ ಬಾಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದರಲ್ಲಿ ಹೊಸದೇನಿಲ್ಲ. ನನ್ನ ತಲೆ ಕೆಡಿಸಿದ್ದು ಅವಳಿಗಳ ಲೆಕ್ಕ. ಅರ್ಧಕ್ಕಿಂತ ಕಡಿಮೆ ಓಡಿದ ಬ್ಯಾಟರಿ ಎರಡರಷ್ಟು ಸವೆದಿದೆ! ಮೊದಲು ನನ್ನ ಮೀಟರನ್ನೇ ಅನುಮಾನಿಸಿದೆ. ಇನ್ನೊಂದು ಮೀಟರ್ ತಂದು ನೋಡಿದೆ. ಅದೂ ಅದನ್ನೇ ಹೇಳಿತು.

ಕಾರಣ ಸಿಕ್ಕಿದ್ದು ತಮ್ಮನ ಸೈಕಲ್ ನಿಲ್ಲುವ ಜಾಗದಲ್ಲಿ. ತಗಡಿನ ಶೆಡ್. ಸಂಜೆ ಬಂದ ಕೂಡಲೇ ಅಲ್ಲೇ ಚಾರ್ಜರ್ ಚುಚ್ಚುತ್ತಾನೆ, ಬೆಳಿಗ್ಗೆ ಕೀಳುತ್ತಾನೆ. ದಿನಕ್ಕೆ ಎಂಟು ಕಿಲೋಮೀಟರ್ ಓಡಿದರೆ ಶೇಕಡಾ ಹದಿನೈದು ಖಾಲಿಯಾಗುತ್ತದೆ, ರಾತ್ರಿ ಮತ್ತೆ ತುಂಬುತ್ತದೆ. ಅಂದರೆ ನಾಲ್ಕು ವರ್ಷದಲ್ಲಿ ಅವನ ಬ್ಯಾಟರಿ ಶೇಕಡಾ 80ಕ್ಕಿಂತ ಕೆಳಗೆ ಇಳಿದದ್ದೇ ಅಪರೂಪ. ರಜೆಯಲ್ಲೂ ಅಷ್ಟೇ, ತುಂಬಿಸಿಯೇ ಊರಿಗೆ ಹೋಗೋದು. ಕೇಳಿದರೆ, "ಅಣ್ಣಾ, ಫುಲ್ ಇಲ್ಲ ಅಂದ್ರೆ ನಂಗೆ ಹೊರಡೋಕೆ ಧೈರ್ಯಾನೇ ಬರಲ್ಲ" ಅಂತಾನೆ.

ಲಿಥಿಯಂ ಬ್ಯಾಟರಿಗೆ ಎರಡು ಥರದ ಸವೆತ ಇದೆ. ಒಂದು ಓಡಿಸಿದ್ದರಿಂದ ಬರೋದು, ತುಂಬಿ ಖಾಲಿಯಾಗುವ ಸುತ್ತುಗಳ ಲೆಕ್ಕದ್ದು. ಇನ್ನೊಂದು ಸುಮ್ನೆ ಇಟ್ಟಿದ್ದಕ್ಕೇ ಬರೋದು, ಕ್ಯಾಲೆಂಡರ್ ಲೆಕ್ಕದ್ದು. ಎನ್‌ಎಂಸಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಆ ಒತ್ತಡದಲ್ಲಿ ಒಳಗಿನ ದ್ರವ ಎಲೆಕ್ಟ್ರೋಡುಗಳ ಜೊತೆ ಸಣ್ಣಗೆ ವರ್ತಿಸುತ್ತಲೇ ಇರುತ್ತದೆ. ನೆಗೆಟಿವ್ ಕಡೆಯ ಗ್ರಾಫೈಟ್ ಮೇಲೆ ಒಂದು ಪದರ ದಪ್ಪವಾಗುತ್ತಾ ಹೋಗುತ್ತದೆ, ಕೆಲಸಕ್ಕೆ ಬರಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಬಿಸಿ ಸೇರಿದರೆ ಇದೆಲ್ಲ ಇನ್ನೂ ಬೇಗ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅನ್ನೋದು ಇದಕ್ಕೇ ಹೇಳಿದ ಹಾಗಿದೆ, ಅಲ್ವಾ?

ನನ್ನದು ದಿನಕ್ಕೆ 22 ಕಿಲೋಮೀಟರ್. ಕಿಲೋಮೀಟರಿಗೆ 12 ವಾಟ್-ಅವರ್ ಹಿಡಿದರೆ ಶೇಕಡಾ 40 ಖಾಲಿ. ವೋಲ್ಟೇಜ್ ಹೊಂದಿಸಬಹುದಾದ ಚಾರ್ಜರ್ ತಗೊಂಡು 54.6ರ ಬದಲು 53.3 ವೋಲ್ಟಿಗೆ ಇಟ್ಟಿದ್ದೇನೆ. ಸೆಲ್ಲಿಗೆ 4.1 ವೋಲ್ಟ್, ಅಂದರೆ ಸುಮಾರು ಶೇಕಡಾ 90. ಬೆಳಿಗ್ಗೆ ಹೊರಡೋ ಹೊತ್ತಿಗೆ ಚಾರ್ಜ್ ಮುಗಿಯುವ ಹಾಗೆ ಟೈಮರ್. ತಿಂಗಳುಗಟ್ಟಲೆ ಬಿಡುವುದಾದರೆ 49 ವೋಲ್ಟಿನ ಆಸುಪಾಸಿಗೆ ಇಳಿಸಿ ಮನೆಯೊಳಗೆ ತಂಪಾದ ಕಡೆ ಇಡುತ್ತೇನೆ. ಇಷ್ಟು ಬಿಟ್ಟರೆ ಬೇರೆ ಯಾವ ಉಪಚಾರವನ್ನೂ ಮಾಡಿಲ್ಲ.

ಸವೆತ ಬರೀ ಹೊಟ್ಟೆಯದ್ದಲ್ಲ. ಏರು ಹತ್ತುವಾಗ ಮೋಟಾರ್ 20 ಆಂಪಿಯರ್ ಎಳೆದರೆ ನನ್ನ ಬ್ಯಾಟರಿಯ ವೋಲ್ಟೇಜ್ ಎರಡೂವರೆಯಷ್ಟು ಕುಸಿಯುತ್ತದೆ. ತಮ್ಮನದು ಐದಕ್ಕೂ ಮೇಲೆ. ಒಳಗಿನ ರೆಸಿಸ್ಟೆನ್ಸ್ ಅಷ್ಟು ಏರಿದೆ. ಹಾಗಾಗಿ ಎರಡು ಕಡ್ಡಿ ಇನ್ನೂ ಉಳಿದಿರುವಾಗಲೇ ಅವನ ಸೈಕಲ್ ಏರಿನ ಮಧ್ಯೆ ಪವರ್ ಕಟ್ ಮಾಡುತ್ತದೆ. ಇಳಿದು ಒಂದು ನಿಮಿಷ ಬಿಟ್ಟರೆ ಮತ್ತೆ ಕಡ್ಡಿಗಳು ಬರುತ್ತವೆ. ಬ್ಯಾಟರಿ ಹಾಳಾಗಿಲ್ಲ, ಮೋಟಾರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಕೆಟ್ಟಿದೆ ಅಂತ ಅವನು ಒಂದು ವರ್ಷ ವಾದ ಮಾಡಿದ.

ಇನ್ನು ಎಲ್‌ಎಫ್‌ಪಿ. ಓಡಿಸೋಕೆ ಇದರ ಸ್ವಭಾವವೇ ಬೇರೆ. ಸೆಲ್ಲಿಗೆ 3.2 ವೋಲ್ಟ್, ಮತ್ತು ಮುಕ್ಕಾಲು ಪಾಲು ದಾರಿ ಆ ವೋಲ್ಟೇಜ್ ಅಲ್ಲಾಡೋದೇ ಇಲ್ಲ. ಎನ್‌ಎಂಸಿ ಸೈಕಲ್ ಸಂಜೆ ಹೊತ್ತಿಗೆ ಸ್ವಲ್ಪ ಮಂಕಾಗುತ್ತದೆ, ಇದು ಕೊನೇ ಕಿಲೋಮೀಟರ್‌ವರೆಗೂ ಬೆಳಗಿನ ಹುರುಪಲ್ಲೇ ಓಡುತ್ತದೆ. ಆಮೇಲೆ ಪಟ್ ಅಂತ ನಿಲ್ಲುತ್ತದೆ. ಡಿಸ್‌ಪ್ಲೇ ಕಡ್ಡಿಗಳು ವೋಲ್ಟೇಜ್ ನೋಡಿ ಲೆಕ್ಕ ಹಾಕೋದರಿಂದ ಇಲ್ಲಿ ಅವು ಶುದ್ಧ ಸುಳ್ಳು. ನಾನು ಕಡ್ಡಿ ನೋಡೋದನ್ನೇ ಬಿಟ್ಟು ಓಡಿದ ದೂರ ನೋಡುತ್ತೇನೆ.

ಎಲ್‌ಎಫ್‌ಪಿ ಜೊತೆ ನಾನೇ ಒಂದು ಎಡವಟ್ಟು ಮಾಡಿಕೊಂಡೆ. ಎನ್‌ಎಂಸಿಗೆ ಒಳ್ಳೇದಾದ ಪಾಠ ಇದಕ್ಕೂ ಆಗುತ್ತದೆ ಅಂದುಕೊಂಡು ಇದನ್ನೂ ಏಳೆಂಟು ತಿಂಗಳು ಪೂರ್ತಿ ತುಂಬಿಸದೆ ಓಡಿಸಿದೆ. ಒಂದು ದಿನ, ನನ್ನ ಲೆಕ್ಕದಲ್ಲಿ ಇನ್ನೂ ಮೂರನೇ ಒಂದು ಪಾಲು ಉಳಿದಿರುವಾಗ, ಹಿಂದೆ ಎರಡು ಚೀಲ ಹೇರಿಕೊಂಡು ಬರುತ್ತಿದ್ದವನು ದಾರಿಯಲ್ಲೇ ನಿಂತೆ. ಹೊರೆ ಸೈಕಲ್ಲನ್ನು ಬರೀ ಕಾಲಲ್ಲಿ ತುಳಿದವರಿಗೇ ಗೊತ್ತು ಆ ಸುಖ.

ಮನೆಗೆ ಬಂದು ಮುಚ್ಚಳ ಬಿಚ್ಚಿ ಬಿಎಂಎಸ್‌ಗೆ, ಅಂದರೆ ಬ್ಯಾಟರಿ ಒಳಗೇ ಕೂತು ಪ್ರತಿ ಗುಂಪನ್ನೂ ಕಾಯುವ ಸರ್ಕ್ಯೂಟಿಗೆ, ಹೋಗುವ ಸಣ್ಣ ತಂತಿಗಳಿಗೆ ಮಲ್ಟಿಮೀಟರ್ ಹಿಡಿದೆ. ಹದಿನೈದು ಗುಂಪು 3.2ರ ಹತ್ತಿರ. ಹನ್ನೊಂದನೆಯದು ಮಾತ್ರ 2.6. ಒಂದು ಗುಂಪು ಖಾಲಿಯಾದರೆ ಸಾಕು, ಬಿಎಂಎಸ್ ಇಡೀ ಬ್ಯಾಟರಿಯನ್ನು ನಿಲ್ಲಿಸುತ್ತದೆ. ನಿಲ್ಲಿಸಲೇಬೇಕು, ಅದು ಅದರ ಕೆಲಸ. ತಪ್ಪು ನನ್ನದು. ಗುಂಪುಗಳನ್ನು ಸರಿದೂಗಿಸುವ ಕೆಲಸ ಚಾರ್ಜಿನ ಕೊನೆಯಲ್ಲಿ, ವೋಲ್ಟೇಜ್ ಮೇಲಕ್ಕೆ ಏರಿದಾಗ ಮಾತ್ರ ನಡೆಯುತ್ತದೆ. ಎಲ್‌ಎಫ್‌ಪಿಯಲ್ಲಿ ಮಧ್ಯದಲ್ಲಿ ಎಲ್ಲವೂ ಒಂದೇ ಥರ ಕಾಣೋದರಿಂದ ಯಾವುದು ಹಿಂದೆ ಬಿದ್ದಿದೆ ಅಂತ ಬಿಎಂಎಸ್‌ಗೆ ತಿಳಿಯೋದೇ ಇಲ್ಲ. ತುದಿ ಮುಟ್ಟಿಸದೇ ಇದ್ದರೆ ಸಣ್ಣ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ.

ಸರಿಪಡಿಸೋಕೆ ತಾಳ್ಮೆ ಬಿಟ್ಟರೆ ಬೇರೇನೂ ಬೇಕಾಗಲಿಲ್ಲ. ಚಾರ್ಜರ್ ಹಾಕುವುದು, ತುಂಬಿದ ಗುಂಪು 3.65 ಮುಟ್ಟಿದ ಕೂಡಲೇ ಬಿಎಂಎಸ್ ಕಟ್ ಮಾಡುವುದು, ಸಣ್ಣ ರೆಸಿಸ್ಟರ್‌ಗಳು ಆ ಹೆಚ್ಚಿನದನ್ನು ನಿಧಾನವಾಗಿ ಸುಟ್ಟು ಇಳಿಸುವುದು, ಮತ್ತೆ ಚಾರ್ಜ್ ಶುರು. ಮೂರು ದಿನ ಹೀಗೇ ನಡೆಯಿತು. ನಾನು ಪಕ್ಕದಲ್ಲಿ ಇದ್ದಾಗ ಮಾತ್ರ ಹಚ್ಚಿಟ್ಟೆ. ನಾಲ್ಕನೇ ದಿನ ಹದಿನಾರೂ ಗುಂಪು ಒಂದೇ ಸಾಲಿಗೆ ಬಂದವು. ಆಮೇಲಿನ ಬಲ್ಬ್ ಪರೀಕ್ಷೆಯಲ್ಲಿ 590 ಬಂತು. ಏನೂ ಕಳೆದುಹೋಗಿರಲಿಲ್ಲ. ಈಗ ವಾರಕ್ಕೊಮ್ಮೆ ತುದಿವರೆಗೆ ತುಂಬಿಸುತ್ತೇನೆ. ತುಂಬಿಟ್ಟರೆ ಇದಕ್ಕೂ ಸ್ವಲ್ಪ ಸವೆತ ಇದ್ದೇ ಇದೆ, ಆದರೆ ಎನ್‌ಎಂಸಿಯಷ್ಟು ಕೊರಗೋದಿಲ್ಲ.

ಬೆಂಕಿಯ ವಿಷಯದಲ್ಲೂ ಎಲ್‌ಎಫ್‌ಪಿ ಸಮಾಧಾನಿ. ಫಾಸ್ಫೇಟ್ ತನ್ನ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ, ಹಾಗಾಗಿ ಅತಿಯಾಗಿ ಕಾದರೂ ಎನ್‌ಎಂಸಿ ಹಾಗೆ ಸುಲಭವಾಗಿ ಹೊತ್ತಿಕೊಳ್ಳೋದಿಲ್ಲ. ಇದನ್ನು 1990ರ ದಶಕದಲ್ಲಿ ಮುಂದಿಟ್ಟ ತಂಡದ ಜಾನ್ ಗುಡಿನಫ್ ಅವರಿಗೆ, ಲಿಥಿಯಂ-ಅಯಾನ್ ಬ್ಯಾಟರಿಗಳ ಒಟ್ಟು ಕೆಲಸಕ್ಕಾಗಿ, 2019ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಾಗಂತ ಮೈಮರೆಯೋ ಹಾಗಿಲ್ಲ. ನನ್ನ ಎರಡು ಚಾರ್ಜರ್‌ಗಳ ಪಿನ್ ಒಂದೇ ಥರ. ಒಂದು 53.3 ವೋಲ್ಟ್, ಇನ್ನೊಂದು 58.4. ಒಮ್ಮೆ ಮಾತಾಡುತ್ತಾ ಎಲ್‌ಎಫ್‌ಪಿ ಚಾರ್ಜರನ್ನು ಎನ್‌ಎಂಸಿಗೆ ಚುಚ್ಚಿಬಿಟ್ಟಿದ್ದೆ. ಹಾಗೇ ಬಿಟ್ಟಿದ್ದರೆ ಸೆಲ್ಲಿಗೆ ಹತ್ತಿರ ಹತ್ತಿರ ನಾಲ್ಕೂವರೆ ವೋಲ್ಟ್, ನಡುವೆ ಅಡ್ಡ ಇರೋದು ಬಿಎಂಎಸ್ ಒಂದೇ. ಎರಡು ನಿಮಿಷದಲ್ಲಿ ನೋಡಿ ಕಿತ್ತೆ. ಅವತ್ತೇ ಒಂದರ ಪಿನ್ ಬದಲಾಯಿಸಿ ಕೆಂಪು ಟೇಪ್ ಸುತ್ತಿದೆ.

ಎಲ್‌ಎಫ್‌ಪಿಯ ಕೊರತೆ ಭಾರ. ನನ್ನ ಎನ್‌ಎಂಸಿ ಮೂರೂವರೆ ಕೆಜಿ, ಇದು ಆರು ಕೆಜಿಗೆ ಹತ್ತಿರ, ಅದೂ ಕಡಿಮೆ ವಾಟ್-ಅವರ್ ಇಟ್ಟುಕೊಂಡು. ಗಾತ್ರವೂ ದೊಡ್ಡದು. ದಿನಾ ಕಳಚಿ ಮೆಟ್ಟಿಲು ಹತ್ತಿಸುವವರಿಗೆ ಈ ಎರಡೂವರೆ ಕೆಜಿ ಸಣ್ಣದಲ್ಲ. ಚಳಿಯಲ್ಲೂ ಇದು ಬೇಗ ಮುದುಡಿಕೊಳ್ಳುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಎರಡನ್ನೂ ಚಾರ್ಜ್ ಮಾಡಬಾರದು, ಲಿಥಿಯಂ ಗ್ರಾಫೈಟ್ ಒಳಗೆ ಹೋಗದೆ ಮೇಲೇ ಲೋಹವಾಗಿ ಕೂತುಬಿಡುತ್ತದೆ. ಇನ್ನೊಂದು ಮಾತು: 48 ವೋಲ್ಟಿನ ಹಳೇ ಸೈಕಲ್ಲಿಗೆ ಹದಿನಾರು ಗುಂಪಿನ ಎಲ್‌ಎಫ್‌ಪಿ ಹಾಕೋ ಮುಂಚೆ ಕಂಟ್ರೋಲರ್ 58.4 ವೋಲ್ಟ್ ತಡೆಯುತ್ತದಾ ಅಂತ ನೋಡಿಕೊಳ್ಳಿ.

ಎರಡರಲ್ಲಿ ಯಾವುದು ಅಂತ ಕೇಳಿದವರಿಗೆ ನಾನು ಈಗ ತಿರುಗಿ ಕೇಳೋದು ಒಂದೇ: ರಾತ್ರಿ ಚಾರ್ಜರ್ ಹೇಗೆ ಹಾಕ್ತೀರಿ? ಚುಚ್ಚಿ ಮರೆಯುವವರಾದರೆ ಎಲ್‌ಎಫ್‌ಪಿ, ಎರಡನೇ ಮಾತಿಲ್ಲ. ನಿಗಾ ಇಡುತ್ತೀರಿ, ಬ್ಯಾಟರಿ ಹೊತ್ತು ಮಹಡಿ ಹತ್ತಬೇಕು ಅಂದರೆ ಎನ್‌ಎಂಸಿಯೇ ವಾಸಿ.

ತಮ್ಮ ಕಳೆದ ತಿಂಗಳು ಎಲ್‌ಎಫ್‌ಪಿಗೆ ಬದಲಾಯಿಸಿದ. ಅಭ್ಯಾಸ ಬದಲಾಗಿಲ್ಲ, ಸಂಜೆ ಬಂದ ಕೂಡಲೇ ಚಾರ್ಜರ್ ಚುಚ್ಚುತ್ತಾನೆ. ಶೆಡ್ಡಿನಿಂದ ಮಾತ್ರ ಒಳಗೆ ತಂದಿದ್ದಾನೆ. "ಐದೂ ಕಡ್ಡಿ ಹಾಗೇ ಇದೆ ಅಣ್ಣಾ, ಇಳಿಯೋದೇ ಇಲ್ಲ!" ಅಂತ ಮೊನ್ನೆ ಫೋನ್ ಮಾಡಿ ಖುಷಿಪಟ್ಟ. ಕಡ್ಡಿ ನಂಬಬೇಡ, ದೂರ ನೋಡು ಅಂದೆ. ಕೇಳಿಸಿಕೊಂಡ ಹಾಗೆ ಅನಿಸಲಿಲ್ಲ.